ಕೆರೆದಂಡೆಯ ಬೇಲಿ

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಅದು ಬಸವಣ್ಣನ ವಾರ. ಜಾಲಿಕೊಪ್ಪದಲ್ಲಿ ಅಪ್ಪನ ಮಾತು ಮೀರಿದವರಿದ್ದರು, ಸರಕಾರದ ಮಾತು ಮೀರಿದವರಿದ್ದರು, ಸೋಮವಾರ ಎತ್ತು ಹೂಡಿದವನು ಮಾತ್ರ ಒಬ್ಬನೂ ಇರಲಿಲ್ಲ. ಅಂದು ಗಂಡಸರು ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಿದ್ದರು. ಹಿಂದೆಯೇ ಹೆಂಗಸರು ವಾರದ ಅರಿವೆಯ ಗಂಟು ಹೊತ್ತು ಹೊರಡುತ್ತಿದ್ದರು. ಶಿಗ್ಗಾಂವದಿಂದ ತಡಸಕ್ಕೆ ಹೋಗುವ ದೊಡ್ಡ ಸಡಕಿನ ಬದಿಗಿದ್ದ ಆ ಕೆರೆಗೆ ಒಗೆಯಲು ಬರುವಂಥ ದಂಡೆ ಇದ್ದದ್ದು ಒಂದೇ, ಮೂಡಣದ್ದು. ಆಚೆ ಬದಿಯ ಹೊಸಕೊಪ್ಪದವರ ಪಾಲಿಗೆ ಬರೀ ಕೆಸರು. ಹಾಗಾಗಿ ಎರಡೂ ಊರವರು ಅದೇ ದಂಡೆಗೆ ಬರುತ್ತಿದ್ದರು, ಅವೇ ಕಲ್ಲುಗಳ ಮೇಲೆ ಒಗೆಯುತ್ತಿದ್ದರು. ಕಲ್ಲು ಹಾಕಿಸಿದವರು ಯಾರೆಂದು ಯಾರೂ ಕೇಳಿರಲಿಲ್ಲ.

ಜಾಲಿಕೊಪ್ಪದ ಕುಬೇರಪ್ಪನ ಸೊಸೆ ಶೇಖವ್ವನಿಗೆ ಸೋಮವಾರವೆಂದರೆ ತವರು. ಅವಳು ಹೊಸಕೊಪ್ಪದವಳು. ತವರು ಕಣ್ಣಿಗೆ ಕಾಣುವಷ್ಟು ಹತ್ತಿರ, ಆದರೆ ಹೋಗುವಂತಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ತಮ್ಮ ದ್ಯಾಮಪ್ಪನ ಮದುವೆಯಲ್ಲಿ ಬೀಗರಿಗೆ ಉಡುಗೊರೆಯ ಆಯೇರ ಮಾಡಿದಾಗ ಕುಬೇರಪ್ಪನ ತಲೆಗೆ ಸುತ್ತಿದ ಪಟಗ ಅಗ್ಗದ್ದಾಗಿತ್ತಂತೆ. ಒಂದೇ ಮಳೆಗೆ ಬಣ್ಣ ಬಿಟ್ಟು ಅವನ ಕಿವಿಯವರೆಗೆ ಕೆಂಪಾಗಿ, ಸಂತೆಯಲ್ಲಿ ಜನ ನಕ್ಕರಂತೆ. ಅಂದಿನಿಂದ ಹೋಗುವುದು ಬರುವುದು ಬಂದ್. ಎರಡು ನಾಗರ ಪಂಚಮಿಗೆ ದ್ಯಾಮಪ್ಪ ಅಕ್ಕನನ್ನು ಕರೆಯಲು ಬಂದು, ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಬರಿಗೈಯಲ್ಲಿ ಹೋಗಿದ್ದ. ದೊಡ್ಡ ಮನುಷ್ಯರ ಸಿಟ್ಟು ಹೀಗೆ. ಪಟಗದ ಬಣ್ಣ ಹೋಯಿತೆಂದು ಒಬ್ಬ ಹೆಣ್ಣುಮಗಳು ತವರನ್ನೇ ಬಿಡಬೇಕು.

ಆದರೆ ಸೋಮವಾರದ ಒಗೆತಕ್ಕೆ ಯಾರು ಅಡ್ಡ ಬಂದಾರು? ತಾಯಿ ವೀರವ್ವ ಆಚೆ ಊರಿಂದ ಗಂಟು ಹೊತ್ತು ಬರುವಳು. ಅವಳ ಹಿಂದೆ ಕೆಂಪಿ, ಕರುವಿದ್ದಾಗ ಶೇಖವ್ವ ಕೈಯಾರೆ ಗಂಜಿ ಕುಡಿಸಿ ಬೆಳೆಸಿದ ಆಕಳು. ತಾಯಿ ಮಗಳು ಪಕ್ಕದ ಕಲ್ಲುಗಳ ಮೇಲೆ ಅರಿವೆ ಬಡಿಯುತ್ತ ವಾರದ ಸುಖದುಃಖ ಮಾತಾಡುವರು. ವೀರವ್ವ ಬುತ್ತಿಯ ಗಂಟಿನಿಂದ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತೆಗೆದು ಮಗಳ ಕೈಗೆ ಇಡುವಳು. ಅತ್ತೆ ಸಾವಂತ್ರವ್ವ ಇದೆಲ್ಲ ಬಲ್ಲಳು, ನೋಡಿಯೂ ನೋಡದಂತೆ ಇದ್ದಳು. ಅಷ್ಟರ ಮಟ್ಟಿಗೆ ಅವಳು ಒಳ್ಳೆಯವಳೇ.

ಚೀನಾದವರ ಯುದ್ಧ ಮುಗಿದ ಮರುವರ್ಷ, ಬೇಸಿಗೆ ಕಾಲಿಡುವ ಹೊತ್ತಿಗೆ, ಹುಬ್ಬಳ್ಳಿಯ ಅರಳೆ ಸಾವಕಾರ ಪರಮೇಶ್ವರಪ್ಪನ ಮೋಟಾರು ಕಾದು ಆ ಕೆರೆಯ ಹತ್ತಿರ ನಿಂತಿತು. ಡ್ರಾಯವರ ನೀರು ಹಾಕುವಷ್ಟರಲ್ಲಿ ಸಾವಕಾರ ದಂಡೆಯ ಗಾಳಿಗೆ ಮನಸೋತ. ದಂಡೆಯ ಮೇಲಿನ ನಾಲ್ಕು ಎಕರೆ ಹೊಲ ಕುಬೇರಪ್ಪನದೆಂದು ತಿಳಿದು ಮನೆಗೇ ಬಂದ.

ಆ ರಾತ್ರಿ ಊಟಕ್ಕೆ ಕುಳಿತಾಗ ಕುಬೇರಪ್ಪ ರೊಟ್ಟಿ ಮುರಿಯುವುದನ್ನೇ ಮರೆತಿದ್ದ.

"ಬಂಗಲೆ ಕಟ್ಟಸ್ತಾನಂತ. ಹೊಲ ಅಷ್ಟ ಆದ್ರ ಒಂದು ರೇಟು, ದಂಡಿ ಕೂಡಿ ಕೊಟ್ರ ಮೂರು ಪಟ್ಟು. ಮುಂಬೈದಾಗ ಸಮುದ್ರದ ದಂಡಿಗೆ ಶ್ರೀಮಂತರು ಮನಿ ಕಟ್ಟಿಸಿ, ಉಸುಕು ಸೈತ ತಮ್ಮ ಕಂಪೌಂಡಿನ್ಯಾಗ ಹಾಕ್ಕೊಂಡಾರಂತ. ಸಮುದ್ರಕ್ಕ ಗ್ವಾಡಿ ಕಟ್ಟವರು ಅದಾರ, ಕೆರಿ ಯಾವ ಲೆಕ್ಕ?"

ಹಿರಿಯ ಮಗ ಹೊಳಬಸಪ್ಪ ಹೊಲಮನೆ ನೋಡಿಕೊಂಡಿದ್ದವನು. ತಾಟಿನಿಂದ ತಲೆ ಎತ್ತದೆ ಅಂದ, "ದಂಡಿ ನಮ್ದಲ್ಲಲ್ಲಪ್ಪಾ."

"ಮತ್ತ ಯಾರದು?"

"ಊರಂದು."

"ಊರು ಅಂದ್ರ ಯಾರಲೇ? ಊರು ಬಂದು ಕಂದಾಯ ಕಟ್ಟೈತೇನು? ಊರಿಗೆ ಹೆಂಡ್ತಿ ಮಕ್ಕಳು ಅದಾರೇನು? ಯಾರದೂ ಅಲ್ಲದ್ದು ಮೊದಲ ಬೇಲಿ ಹಾಕಿದಾವಂದು."

ಕಿರಿಯ ಮಗ ಗುದ್ಲೆಪ್ಪ ಶಿಗ್ಗಾಂವದಲ್ಲಿ ಒಬ್ಬ ವಕೀಲರ ಕೈಕೆಳಗೆ ಬರೆಯುವ ಕೆಲಸಕ್ಕಿದ್ದ. ವಕೀಲರ ಚೀಲ ಹೊತ್ತು ಹೊತ್ತು ಅರ್ಧ ವಕೀಲನೇ ಆಗಿದ್ದ, ಕೆಟ್ಟ ಅರ್ಧ.

"ಬೇಲಿ ಅಷ್ಟ ಹಾಕಿದ್ರ ಆಗಂಗಿಲ್ಲಪ್ಪಾ," ಅಂದ. "ನಾಳೆ ಊರವರು ಅರ್ಜಿ ಕೊಟ್ರ ಕಿತ್ತಸ್ತಾರ. ಒಳಗ ಪೀಕು ಹಾಕೂಣು. ಯಾರದರ ದನ ಒಳಗ ಬಂತೋ, ಹಿಡದು ಕೊಂಡವಾಡಕ್ಕ ಕೂಡೂಣು. ದನದ ಮಾಲಕ ದಂಡ ಕಟ್ಟಿ ಬಿಡಿಸಿಕೊಂಡು ಹೋದ ಅಂದ್ರ ಕೆಲಸ ಆತು. ನಿಮ್ಮ ಹೊಲದಾಗ ನನ್ನ ದನ ಹೊಕ್ಕಿತ್ರಿ, ತಪ್ಪಾತು ಅಂತ ಅವನ ಬಾಯಿಲೆ ಒಪ್ಪಿಕೊಂಡಂಗ. ಒಂದ ದನ ಸಾಕು."

ಕುಬೇರಪ್ಪ ಮಗನ ಮುಖವನ್ನೇ ನೋಡಿದ. "ಓದಿಸಿದ್ದು ಸಾರ್ಥಕ ಆತು ನೋಡು," ಎಂದು ಈಗ ರೊಟ್ಟಿ ಮುರಿದ. ಹೊಳಬಸಪ್ಪ ಇನ್ನೊಂದು ಸವುಟು ಪುಂಡಿಪಲ್ಲೆ ಹಾಕಿಸಿಕೊಂಡ. ತಪ್ಪು ಯಾವುದೆಂದು ಅವನಿಗೆ ಯಾವಾಗಲೂ ಗೊತ್ತಿರುತ್ತಿತ್ತು. ಒಂದು ಮಾತು ಆಡಿ ಊಟ ಮುಂದುವರಿಸುವುದು ಅವನ ಸ್ವಭಾವ.

ಎಂಟು ದಿನದಲ್ಲಿ ಜಾಲಿಮುಳ್ಳಿನ ಬೇಲಿ ಎದ್ದಿತು, ನಡುನಡುವೆ ತಂತಿ. ನೀರು ಸರಿದ ಹಸಿ ನೆಲದಲ್ಲಿ ಸವತೆಯ ಬೀಜ ಬಿತ್ತು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಜನ ಕೇಳಿದ್ದರು. ಬೇಲಿ ಕೆರೆಯನ್ನು ಮೇಯುವುದನ್ನು ಈಗ ನೋಡಿದರು.

ಸಾವಂತ್ರವ್ವನಿಗೆ ಮೊದಮೊದಲು ಹಿಗ್ಗೋ ಹಿಗ್ಗು. "ಇನ್ನ ಆ ಹೊಸಕೊಪ್ಪದ ಉಡಚವ್ವನ ಕೂಡ ಕಲ್ಲಿನ ಸಂಬಂಧ ಬಡದಾಡೂದು ತಪ್ಪಿತು. ಎಲ್ಲಾ ಕಲ್ಲೂ ನಮ್ಮವ," ಎಂದು ಮೊದಲ ಸೋಮವಾರ ಸೊಸೆಯನ್ನು ಕರೆದುಕೊಂಡು ಹೋದಳು. ಅತ್ತೆ ಒಂದು ಕಲ್ಲು, ಸೊಸೆ ಒಂದು ಕಲ್ಲು. ಉಳಿದ ಕಲ್ಲುಗಳು ಬಿಸಿಲಿಗೆ ಒಣಗುತ್ತಿದ್ದವು. ಮಾತಿಗೆ ಜನವಿಲ್ಲ, ಜಗಳಕ್ಕೂ ಜನವಿಲ್ಲ. ಎರಡು ಸೀರೆ ಒಗೆಯುವಷ್ಟರಲ್ಲಿ ಸಾವಂತ್ರವ್ವ ಸೊಂಟ ಹಿಡಿದು ನಿಂತಳು. "ಏನ್ ಬ್ಯಾಸರಾತ ಮಾರಾಯ್ತಿ. ಸುಡುಗಾಡಿನ್ಯಾಗ ಕುಂತಂಗ ಆಗೇತಿ," ಎಂದು ಉಳಿದದ್ದನ್ನು ಸೊಸೆಗೆ ಬಿಟ್ಟು ಮನೆಗೆ ಹೋದಳು.

ಅವಳು ಹೋದ ಮೇಲೆ ಬೇಲಿಯ ಆಚೆ ವೀರವ್ವ ಕಾಣಿಸಿದಳು. ತಲೆಯ ಮೇಲೆ ಗಂಟು, ಹಿಂದೆ ಕೆಂಪಿ. ಕೆಂಪಿ ಗಬ್ಬವಾಗಿತ್ತು, ಹೊಟ್ಟೆ ಎರಡೂ ಬದಿಗೆ ಹೊರಗೆ ಬಂದಿತ್ತು. ರೂಢಿಯ ಹಾದಿಗೆ ಮುಳ್ಳು ಬಂದದ್ದು ಅದಕ್ಕೆ ತಿಳಿಯದೆ ಬೇಲಿಗೆ ಮೂತಿ ಹಚ್ಚಿ ನಿಂತಿತ್ತು.

ಶೇಖವ್ವ ಒದ್ದೆ ಸೀರೆಯಲ್ಲೇ ಓಡಿ ಬಂದಳು. "ಒಳಗ ಬಾರವ್ವಾ. ಯಾರೂ ಇಲ್ಲ. ಅತ್ತಿ ಹೋದ್ರು."

"ಬ್ಯಾಡವಾ."

"ನಮ್ಮ ಅತ್ತೀನ ಕೇಳ್ತೇನಿ ಬೇಕಾದ್ರ. ಅವರು ಬ್ಯಾಡ ಅನ್ನಂಗಿಲ್ಲ."

"ಅದ ನೋಡು, ಕೇಳಿ ಬರೂ ಜಾಗ ಆತಲ್ಲ ಇದು! ಹುಟ್ಟಿದಾಗಿಂದ ಕೇಳಲಾರದ ಬಂದಾಕಿ ನಾ. ಇವತ್ತ ಕೇಳಿ ಬಂದ್ನಿ ಅಂದ್ರ ಇದು ಅವರದ ಅಂತ ಒಪ್ಪಿದಂಗ ಆಗತೈತಿ." ವೀರವ್ವ ಮುಳ್ಳಿನ ಸಂದಿನಲ್ಲಿ ರೊಟ್ಟಿಯ ಗಂಟನ್ನು ತೂರಿಸಿದಳು. "ತಗೋ. ಎರಡೂ ಊರಾಗ ಆಣಿ ಆಗೇತಿ ಶೇಖಿ. ಬಸವಣ್ಣನ ಗುಡಿ ಹೊಸ್ತಿಲ ಮುಟ್ಟಿ ಎಲ್ಲಾರೂ ಆಣಿ ಮಾಡ್ಯಾರ. ಯಾರ ದನ ಕೊಂಡವಾಡಕ್ಕ ಹೋದ್ರೂ ಯಾರೂ ದಂಡ ಕಟ್ಟಬಾರದು. ಹರಾಜ ಆದ್ರ ಆಗ್ಲಿ, ಊರು ಪಟ್ಟಿ ಎತ್ತಿ ಬ್ಯಾರೆ ದನ ಕೊಡಸ್ತೈತಿ. ಎಲ್ಲಾರಕಿಂತ ಜೋರ ಮಾತಾಡಿದಾವ ನಿನ್ನ ತಮ್ಮ. ಇನ್ನ ನಾ ಇಲ್ಲಿಗೂ ಬರೂದು ಕಠಿಣ ಐತಿ. ಅವ ಬೈತಾನ."

"ಮತ್ತ ನಾ ನಿನ್ನ ಎಲ್ಲಿ ನೋಡ್ಲಿ?"

ವೀರವ್ವ ತಲೆಯ ಮೇಲಿನ ಗಂಟು ಸರಿಪಡಿಸಿಕೊಂಡಳು. ಕೆಂಪಿಯ ಕೊರಳ ಹಗ್ಗ ಎಳೆದುಕೊಂಡು ಹಿಂದಿರುಗಿದಳು. ಇಡೀ ದಂಡೆ ತನ್ನ ಮನೆಯದಾದ ದಿನವೇ ಶೇಖವ್ವನಿಗೆ ನಿಲ್ಲಲು ನೆಲೆ ಇಲ್ಲದಂತಾಗಿತ್ತು.

ಮೂರು ವಾರ ಒಂದು ದನವೂ ಬೇಲಿ ದಾಟಲಿಲ್ಲ. ಜನ ತಮ್ಮ ದನಗಳನ್ನು ಕಟ್ಟಿಯೇ ಹಾಕಿ, ಬಾವಿಯ ನೀರು ಸೇದಿ ಕುಡಿಸಿದರು. ಹುಬ್ಬಳ್ಳಿಯಿಂದ ಸಾವಕಾರನ ಆಳು ಎರಡು ಸಲ ಬಂದು "ದಂಡಿ ಏನಾತ್ರಿ?" ಎಂದು ಕೇಳಿ ಹೋದ. ಕುಬೇರಪ್ಪ ಊಟದ ಹೊತ್ತಿಗೆ ಸಿಡಿಮಿಡಿಯಾದ. ಉಪ್ಪು ಹೆಚ್ಚು, ಮಜ್ಜಿಗೆ ಹುಳಿ, ಸೊಸೆ ಸೋಮಾರಿ. ಒಂದು ದಿನ ಮಧ್ಯಾಹ್ನ ಗುದ್ಲೆಪ್ಪ ಹೋಗಿ ಹೊಸಕೊಪ್ಪದ ಹಾದಿಯ ಎದುರಿಗಿದ್ದ ಎರಡು ಮುಳ್ಳಿನ ಕಂಟಿ ಎತ್ತಿ ಬದಿಗಿಟ್ಟ. ಸವತೆಯ ಬಳ್ಳಿ ಹಸಿರಾಗಿ ಹಬ್ಬಿತ್ತು. ದನಕ್ಕೆ ಊರಿನ ಆಣೆ ಏನು ಗೊತ್ತು? ಗೂಟ ಕಿತ್ತುಕೊಂಡು ಬಂದ ಕೆಂಪಿ ತನ್ನ ಹಳೆಯ ಹಾದಿಯಲ್ಲಿ ನೇರವಾಗಿ ಒಳಗೆ ನಡೆಯಿತು. ಗುದ್ಲೆಪ್ಪ ಹಗ್ಗ ಹಿಡಿದುಕೊಂಡು ಕಾದೇ ಇದ್ದ.

ಅಡ್ಡಾಡಿ ದನ ಕೂಡುವ ಕೊಂಡವಾಡ ಇದ್ದದ್ದು ಕುಬೇರಪ್ಪನ ಹಿತ್ತಲ ಹಿಂದೆಯೇ; ನಾಲ್ಕು ಗೋಡೆ, ಒಂದು ಕಟ್ಟಿಗೆಯ ಬಾಗಿಲು, ಮೇಲೆ ನೆರಳಿಲ್ಲ. ನೋಡಿಕೊಳ್ಳುವವನು ಅಲ್ಲಾಭಕ್ಷ, ಹುಲಗೂರಿನವನು. ಹೊಸದಾಗಿ ಬಂದವನು, ಊರಿನ ಹೆಂಗಸರ ಗುರುತು ಅವನಿಗಿರಲಿಲ್ಲ. ಇದ್ದಷ್ಟು ಮೇವು ಹಾಕಿದ, ನೀರಿಟ್ಟ. ಕೆಂಪಿ ಮುಟ್ಟಲಿಲ್ಲ. ಒದರತೊಡಗಿತು.

ಮರುದಿನವೂ ಒದರಿತು. ಹಿತ್ತಲಲ್ಲಿ ಮುಸುರೆ ತಿಕ್ಕುತ್ತಿದ್ದ ಶೇಖವ್ವನಿಗೆ ಪ್ರತಿ ಒದರೂ ತನ್ನ ಹೆಸರು ಹಿಡಿದು ಕರೆದಂತೆ ಕೇಳಿಸಿತು. ಇಣುಕಿ ನೋಡಿದರೆ ಕೊಂಡವಾಡದ ಬಾಗಿಲ ಹತ್ತಿರ ಅವ್ವ ಹುಲ್ಲಿನ ಹೊರೆ ಇಟ್ಟುಕೊಂಡು ನಿಂತಿದ್ದಾಳೆ. ಹಿಂದೆಯೇ ಬಂದ ದ್ಯಾಮಪ್ಪ ಅವಳ ರಟ್ಟೆ ಹಿಡಿದ.

"ನಡಿ ಮನಿಗೆ. ಊರು ನೋಡಾಕತ್ತೈತಿ."

"ಇವತ್ತೋ ನಾಳೆನೋ ಈಯಾಕ ಆಗೇತೋ. ಬಿಸಲಾಗ ಸಾಯ್ತೈತಿ."

"ಸಾಯಲಿ. ಬ್ಯಾರೆ ತರೂಣು. ನಾನ ಹೊಸ್ತಿಲ ಮುಟ್ಟಿ ಆಣಿ ಮಾಡಿ, ನಾನ ದಂಡ ಕಟ್ಟಿದ್ರ ಮುಖಕ್ಕ ಉಗಳ್ತಾರವ್ವಾ!"

ದ್ಯಾಮಪ್ಪ ಕಲ್ಲುಮನಸ್ಸಿನವನಲ್ಲ. ಹೋಗುವಾಗ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡದ್ದನ್ನು ಶೇಖವ್ವ ನೋಡಿದಳು.

ಅಂದು ಮನೆಯಲ್ಲಿ ಊಟಕ್ಕೆ ಕುಳಿತವರ ಕಿವಿಯಲ್ಲೂ ಅದೇ ದನಿ. ಸಾವಂತ್ರವ್ವ ತುತ್ತು ಕೆಳಗಿಟ್ಟಳು. "ಗಬ್ಬದ ಆಕಳ ಶಾಪ ಒಳ್ಳೇದಲ್ಲರಿ. ಬಿಟ್ಟಬಿಡ್ರಿ."

"ಯಾರು ಹಿಡಕೊಂಡಾರ?" ಕುಬೇರಪ್ಪ ಅಂದ. "ಐದು ರೂಪಾಯಿ ಕಟ್ಟಿ ಹೊಡ್ಕೊಂಡು ಹೋಗ್ಲಿ. ನಾ ಬ್ಯಾಡ ಅಂದೇನೇನು? ಅವರ ದನದ ಮ್ಯಾಲೆ ಅವರಿಗೇ ಕಳಕಳಿ ಇಲ್ಲ, ನನಗ ಶಾಪ ಅಂತ. ಉಣ್ರಿ ಸುಮ್ನ."

"ನಮ್ಮ ಬೀಗರ ಮನಿ ದನ ಅಪ್ಪಾ," ಹೊಳಬಸಪ್ಪ ಅಂದ.

"ಪಟಗಾ ಕೊಟ್ಟ ಬೀಗರಲ್ಲ? ಗೊತ್ತೈತಿ."

ಹೊಳಬಸಪ್ಪ ಕೈ ತೊಳೆದುಕೊಂಡ. ಎಂದಿನಂತೆ ಒಂದು ಮಾತು ಆಡಿ ಆಗಿತ್ತು.

ಶೇಖವ್ವ ಆ ರಾತ್ರಿ ನಿದ್ದೆ ಮಾಡಲಿಲ್ಲ. ಅಡ್ಡಮಗ್ಗಲಾದಲ್ಲೇ ಲೆಕ್ಕ ಹಾಕಿದಳು. ಊರವರು ಕಟ್ಟಬಾರದೆಂದು ಆಣೆ. ಆದರೆ ತಾನು ಯಾರು? ಕುಬೇರಪ್ಪನ ಮನೆಯ ಸೊಸೆ. ಬೇಲಿ ಹಾಕಿದ ಮನೆಯವರೇ ಹಣ ಕಟ್ಟಿ ದನ ಬಿಟ್ಟರೆ ಊರು ಸೋತಂತೆ ಹೇಗಾದೀತು? ಆಣೆ ಮುರಿಯುವುದಿಲ್ಲ, ತಮ್ಮನ ಮಾತು ಹೋಗುವುದಿಲ್ಲ, ಕೆಂಪಿಯೂ ಬದುಕುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗುದ್ಲೆಪ್ಪನ ವಕೀಲರು ಕೇಳಿದ್ದರೂ ತಲೆದೂಗುತ್ತಿದ್ದರು.

ಮಧ್ಯಾಹ್ನ ಊರು ಮಲಗಿದ ಹೊತ್ತಿನಲ್ಲಿ, ಸಗಣಿಯ ಕುಳ್ಳು ಮಾರಿ ನೆಲುವಿನ ಗಡಿಗೆಯಲ್ಲಿ ಕೂಡಿಸಿಟ್ಟಿದ್ದ ಹಣ ತೆಗೆದುಕೊಂಡಳು. ಪಡಸಾಲೆಯಲ್ಲಿ ಅಡ್ಡಾಗಿದ್ದ ಸಾವಂತ್ರವ್ವ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಳು. ಶೇಖವ್ವ ಮೂಗಿನ ತನಕ ಸೆರಗು ಎಳೆದುಕೊಂಡು ಕೊಂಡವಾಡಕ್ಕೆ ಹೋದಳು.

"ಅಣ್ಣಾರ, ಆಕಳ ಬಿಡ್ರಿ. ದಂಡ ತಂದೇನಿ."

ಅಲ್ಲಾಭಕ್ಷನಿಗೂ ಎದೆಯ ಭಾರ ಇಳಿದಂತಾಯಿತು. "ಅಲ್ಲಾ ನಿನಗ ಒಳ್ಳೇದು ಮಾಡ್ಲಿ ತಂಗೆವ್ವ. ನನಗ ಎರಡು ದಿನದಿಂದ ಅನ್ನ ಸೇರಿಲ್ಲ," ಎಂದು ಪುಸ್ತಕ ತೆಗೆದ. "ಯಾರ ಹೆಸರಿಗೆ ಬರಕೊಳ್ಳಲಿ?"

"ನಾನ ಕಟ್ಟಾಕತ್ತೇನಲ್ಲರಿ."

"ಹೆಣ್ಣಮಕ್ಕಳ ಹೆಸರಿಗೆ ಪಾವತಿ ಬರಿಯಂಗಿಲ್ಲವ್ವ. ಮನಿ ಗಂಡಸರ ಹೆಸರು ಬೇಕು. ನಿನ್ನ ಗಂಡನ ಹೆಸರು ಹೇಳು."

ಗಂಡನ ಹೆಸರು ಹೆಂಡತಿ ಬಾಯಲ್ಲಿ ಆಡುವುದುಂಟೆ? ಆಡಿದರೆ ಅವನ ಆಯುಷ್ಯಕ್ಕೆ ಕೇಡು. ಮದುವೆಯ ಮನೆಯಲ್ಲಿ ನಾಲ್ಕು ಮಂದಿ ಬಾಗಿಲು ಅಡ್ಡಗಟ್ಟಿದಾಗ ಒಡಪಿನ ಪದ್ಯ ಕಟ್ಟಿ, ಹೂವಿನ ನಡುವೆ ಮುಚ್ಚಿಟ್ಟಂತೆ ಒಮ್ಮೆ ಹೇಳಬಹುದು. ಕೊಂಡವಾಡದ ಬಾಗಿಲಲ್ಲಿ ಯಾರು ಒಡಪು ಹೇಳುತ್ತಾರೆ? ಇನ್ನು ಮಾವನ ಹೆಸರು. ಅದಂತೂ ಗಂಡನ ಹೆಸರಿಗಿಂತ ದೂರ. ಮೈದುನನ ಹೆಸರು ಹೇಳೋಣವೆಂದರೆ ದನ ತಂದು ಕೂಡಿದವನೇ ಅವನು. ಬೇರೆ ಯಾರಾದರೂ ಇದ್ದರೆ "ನಮ್ಮ ಮನೆಯವರ ಹೆಸರು ಹೇಳ್ರಿ" ಎನ್ನಬಹುದಿತ್ತು. ಬಿಸಿಲಿಗೆ ಒಂದು ನಾಯಿಯೂ ಹೊರಗಿರಲಿಲ್ಲ.

"ಲಗೂನ ಹೇಳವಾ. ಆಕಳ ಹೆಂಗ ಅಂತೈತಿ ನೋಡು."

ಕೆಂಪಿ ಅವಳ ದನಿ ಗುರುತಿಸಿ ಬಾಗಿಲಿಗೆ ಹಣೆ ಗುದ್ದುತ್ತಿತ್ತು.

"ಬರಕೊಳ್ರಿ," ಅಂದಳು ಶೇಖವ್ವ. ಹುಟ್ಟಿದ ಮನೆಯ ಹೆಸರಿಗೆ ಯಾವ ಕಟ್ಟೂ ಇರಲಿಲ್ಲ. "ದ್ಯಾಮಪ್ಪ ಅಂತ. ಹೊಸಕೊಪ್ಪದವ."

ಹೀಗೆ ಎರಡು ಊರಿನ ಕೆರೆದಂಡೆ ಕೈಬಿಟ್ಟಿತು. ಗಂಡನ ಆಯುಷ್ಯ ಮಾತ್ರ ಉಳಿಯಿತು.

ಕೆಂಪಿ ತಾನೇ ಹಾದಿ ಹಿಡಿದು ಕೆರೆ ಸುತ್ತಿ ಮನೆ ಸೇರಿತು. ಹೊಸಕೊಪ್ಪದಲ್ಲಿ ಎಲ್ಲರೂ ಅದು ಗೋಡೆ ಜಿಗಿದು ಬಂತೆಂದೇ ತಿಳಿದು ನಕ್ಕರು. "ದನಕ್ಕ ಸೈತ ಆಣಿ ಮಾತು ತಿಳಿದೈತಿ," ಅಂದರು. ಮೂರನೆಯ ದಿನ ಅದು ಹೆಣ್ಣುಗರು ಹಾಕಿತು. ಸುದ್ದಿ ಉಡಚವ್ವನ ಬಾಯಿಂದ ಬೇಲಿ ದಾಟಿ ಬಂದಾಗ ಶೇಖವ್ವ ರೊಟ್ಟಿ ಬಡಿಯುತ್ತ ಒಬ್ಬಳೇ ನಕ್ಕಳು. ಆ ಬೇಸಿಗೆಯಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಮುಂದಿನ ವಾರ ಊರವರ ಅರ್ಜಿಯ ಮೇಲೆ ತಾಲೂಕಿನಿಂದ ಸಾಹೇಬರು ಪಂಚನಾಮೆಗೆ ಬಂದರು. ದಂಡೆಯ ಜಾಲಿಗಿಡದ ಕೆಳಗೆ ಖುರ್ಚಿ ಹಾಕಿದರು. ಎರಡೂ ಊರವರು ನೆರೆದರು. ಕುಬೇರಪ್ಪನ ಮನೆಯ ಹೆಂಗಸರು ಹೊಲದ ಬದುವಿನ ಮೇಲೆ ನಿಂತಿದ್ದರು. ಜನರಿಗೆ ಹುರುಪೋ ಹುರುಪು. ಅಜ್ಜಂದಿರ ಕಾಲದಿಂದ ಒಗೆದ ಕಲ್ಲು, ಎತ್ತು ತೊಳೆದ ನೀರು; ಒಬ್ಬರ ಮಾತಿನ ಮೇಲೆ ಒಬ್ಬರದು. ಸಾಹೇಬರೂ ತಲೆ ಅಲ್ಲಾಡಿಸುತ್ತಿದ್ದರು.

ಆಗ ಗುದ್ಲೆಪ್ಪ ಮುಂದೆ ಬಂದ. "ಸಾಹೇಬ್ರ, ದಂಡಿ ಊರಂದಾಗಿದ್ರ ದನ ಹೊಕ್ಕದ್ದಕ್ಕ ದಂಡ ಯಾಕ ಕಟ್ಟಿದ್ರಿ ಅಂತ ಕೇಳ್ರಿ."

"ಯಾವ ಮಗ ಕಟ್ಯಾನ?" ಎಂದು ದ್ಯಾಮಪ್ಪ ಎದೆ ಸೆಟೆಸಿ ನಿಂತ.

"ನೀನ ಕಟ್ಟೀ."

ಅಲ್ಲಾಭಕ್ಷನನ್ನು ಕರೆಸಿದರು. ಅವನು ಪುಸ್ತಕ ತೋರಿಸಿದ. ಹೆಸರು ದ್ಯಾಮಪ್ಪನದು, ಊರು ಹೊಸಕೊಪ್ಪ, ದಂಡ ಪಾವತಿ. ಜನ ಪುಸ್ತಕದ ಮೇಲೆ ಬಾಗಿದರು. ಆಮೇಲೆ ಹಿಂದಿನಿಂದ ಯಾರೋ ಅಂದರು, "ಗ್ವಾಡಿ ಜಿಗದು ಬಂತಂತ! ಗಬ್ಬದ ಆಕಳ ಗ್ವಾಡಿ ಜಿಗೀತೈತೇನಲೇ, ಕಳ್ಳಾ?"

"ಬಸವಣ್ಣನಾಣಿ, ನಾ ಕಟ್ಟಿಲ್ಲ! ಯಾರು ತಂದು ಕಟ್ಯಾರ ಕೇಳ್ರಿ ಅವನ್ನ!"

"ಹೆಣ್ಣಮಗಳು ಬಂದಿದ್ರು ಸಾಹೇಬ್ರ," ಅಲ್ಲಾಭಕ್ಷ ಅಂದ. "ಸೆರಗ ಹೊತ್ತಿದ್ರು, ಮಾರಿ ಕಂಡಿಲ್ಲ. ಆಕಳ ಅವರ ಗುರುತು ಹಿಡೀತು, ಅಷ್ಟ ಗೊತ್ತು."

ಬದುವಿನ ಮೇಲಿದ್ದ ಶೇಖವ್ವ ಒಂದು ಹೆಜ್ಜೆ ಮುಂದಿಟ್ಟಳು. ಸಾವಂತ್ರವ್ವನ ಉಗುರು ಅವಳ ರಟ್ಟೆಯಲ್ಲಿ ಇಳಿಯಿತು. "ಬಾಯಿ ಬಿಟ್ಟಿ ಅಂದ್ರ ನಮ್ಮ ಮನಿ ಮುಳಗ್ತೈತಿ. ನಿನ್ನ ಗಂಡನ ಮನಿ ಅದು, ನೆನಪಿರ್ಲಿ."

ಅಷ್ಟರಲ್ಲಿ ಜನರ ನಡುವಿಂದ ವೀರವ್ವ ಎದ್ದಳು. ಆಕಳು ಗುರುತು ಹಿಡಿದ ಹೆಂಗಸು ಯಾರೆಂದು ಆ ಗುಂಪಿನಲ್ಲಿ ತಿಳಿದದ್ದು ಅವಳೊಬ್ಬಳಿಗೆ. ಬದುವಿನ ಕಡೆ ಒಮ್ಮೆ ನೋಡಿದಳು, ಮಗಳ ರಟ್ಟೆ ಹಿಡಿದ ಅತ್ತೆಯ ಕೈಯನ್ನೂ ನೋಡಿದಳು. ಗಂಡನ ಮನೆಯ ಹಣ ತವರಿಗೆ ಸುರಿದಳೆಂದು ಮಗಳನ್ನು ಹೊರಗೆ ಹಾಕುತ್ತಾರೆ. ಆ ಮುದುಕಿಗೆ ಹೊಳೆದದ್ದು ಅಷ್ಟೇ.

"ನಾನ ಕಟ್ಟೇನ್ರಿ ಸಾಹೇಬ್ರ," ಅಂದಳು. "ನನ್ನ ಮಗನಿಗೆ ಗೊತ್ತಿಲ್ಲ. ಆಕಳ ಸಾಯ್ತಿತ್ರಿ."

ದ್ಯಾಮಪ್ಪ ತಾಯಿಯ ಮುಖ ನೋಡಿದ. ಹೆಗಲ ಮೇಲಿನ ವಲ್ಲಿ ತೆಗೆದು ನೆಲಕ್ಕೆ ಒಗೆದು, ಗುಂಪು ಸೀಳಿಕೊಂಡು ಹೊರಟುಹೋದ. ಶೇಖವ್ವ ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಅವ್ವನನ್ನು ಸುಳ್ಳಿ ಎನ್ನಬೇಕು, ಇಲ್ಲವೇ ಸುಮ್ಮನಿರಬೇಕು. ಸುಮ್ಮನಿದ್ದಳು. ಆ ಸುಮ್ಮನಿದ್ದುದಕ್ಕೆ ಅವಳು ತನ್ನನ್ನು ಎಂದೂ ಕ್ಷಮಿಸಲಿಲ್ಲ.

ತಿಂಗಳೊಳಗೆ ಹುಕುಂ ಬಂತು: ದಂಡೆ ಕುಬೇರಪ್ಪನ ಸ್ವಾಧೀನದ್ದು, ವಹಿವಾಟೂ ಅವನದೇ. ಅಂದು ಮನೆಯಲ್ಲಿ ಹೋಳಿಗೆ. ಕುಬೇರಪ್ಪ ಹೊಸ ಇಳಕಲ್ ಸೀರೆಯೊಂದನ್ನು ತಂದು ಸೊಸೆಯ ಮುಂದಿಟ್ಟ. ಹೆಂಡತಿ ಅವನಿಗೆ ಎಲ್ಲ ಹೇಳಿದ್ದಳು.

"ವಕೀಲ್ರು ಮಾಡಲಾರದ್ದು ನಮ್ಮ ಸೊಸಿ ಮಾಡಿದ್ಲು. ಮನಿ ಉಳಸೂ ಹೆಣ್ಣು ಅಂದ್ರ ಹಿಂಗಿರಬೇಕು. ಉಟ್ಕೊ. ಈ ಸಲ ಪಂಚಮಿಗೆ ತವರಿಗೆ ಹೋಗಿ ಬಾ, ನನ್ನ ಮಾತು."

"ನಾ ಮನಿ ಉಳಸಾಕ ಕಟ್ಟಿದ್ದಲ್ಲರಿ ಮಾವಾರ," ಅಂದಳು ಶೇಖವ್ವ.

"ಯಾಕರ ಕಟ್ಟು. ಕಟ್ಟಿದ್ಯಲ್ಲ?" ಎಂದು ಕುಬೇರಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಎಲ್ಲರೂ ನಕ್ಕರು. ಹೊಳಬಸಪ್ಪ ನಗಲಿಲ್ಲ, ಉಂಡ.

ಪಂಚಮಿ ಬಂತು. ಊರ ತುಂಬ ಜೋಕಾಲಿ, ಅಳ್ಳು, ಉಂಡಿ. ಎಲ್ಲರ ಮನೆಗೂ ಅಣ್ಣತಮ್ಮಂದಿರು ಕರೆಯಲು ಬಂದರು. ದ್ಯಾಮಪ್ಪ ಬರಲಿಲ್ಲ. ಕಳಿಸದಿದ್ದ ಎರಡು ವರ್ಷವೂ ಬಂದು ಕಟ್ಟೆಯ ಮೇಲೆ ಕುಳಿತಿದ್ದವನು, ಕಳಿಸುತ್ತೇವೆಂದ ವರ್ಷ ಬರಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುತ್ತಾರೆ. ಕೊಟ್ಟ ಹೆಣ್ಣಿನ ಮನೆಯವರು ಕೆರೆಯನ್ನೇ ನುಂಗಿದ ಮೇಲೆ ಕೇಳುವುದೇನು? ಹಬ್ಬದ ಮೂರನೆಯ ದಿನ ಶೇಖವ್ವ ಉಂಡಿಯ ಗಂಟು ಕಟ್ಟಿಕೊಂಡು, ಹಳೆಯ ಸೀರೆಯಲ್ಲೇ, ಒಬ್ಬಳೇ ಕೆರೆ ಸುತ್ತಿಕೊಂಡು ನಡೆದಳು.

ವೀರವ್ವ ಹಿತ್ತಲಲ್ಲಿ, ದನದ ಕೊಟ್ಟಿಗೆಯ ಮಗ್ಗುಲಿನ ಚಪ್ಪರದಲ್ಲಿ ಒಬ್ಬಳೇ ಒಲೆ ಹೂಡಿಕೊಂಡಿದ್ದಳು. ಮಗ ತಾಯಿಯ ಕೂಡ ಮಾತು ಬಿಟ್ಟು, ಊಟ ಬೇರೆ ಮಾಡಿದ್ದ. ಊರವರು ಅವಳಿಗೆ ಬಾವಿಯ ಹಗ್ಗ ಕೊಡುತ್ತಿರಲಿಲ್ಲ.

"ಯಾಕ ಬಂದಿ?" ಎಂದಳು ಎದ್ದು ನಿಂತು.

"ತಮ್ಮಗ ಎಲ್ಲಾ ಹೇಳ್ತೇನಿ ಯವ್ವಾ. ನಾನ ಕಟ್ಟೇನಿ ಅಂತ ಊರ ನಡುವ ಹೇಳ್ತೇನಿ. ನಿನ್ನ ಮ್ಯಾಲಿನ ಮಾತು ಹೋಗ್ಲಿ."

"ಹೇಳಿದ್ರ ದಂಡಿ ತಿರುಗಿ ಬರ್ತೈತೇನು? ಬರಂಗಿಲ್ಲ. ನನ್ನ ಹಾಳ ಆದದ್ದು ಆಗೇ ಹೋಗೇತಿ. ನಿಂದೂ ಯಾಕ ಹಾಳ ಮಾಡ್ಲಿ? ಗಂಡನ ಮನ್ಯಾಗ ಬಾಳೂ ಹೆಣ್ಣು ನೀ." ವೀರವ್ವ ಮಗಳ ಕೈಯ ಗಂಟು ಮುಟ್ಟಲಿಲ್ಲ. "ಕರು ನೋಡ್ಕೊಂಡು ಹೋಗು. ಒಳಗ ಬರಬ್ಯಾಡ. ನೀ ಒಳಗ ಬಂದು ಅಳಾಕತ್ತಿದ್ರ ನೋಡಿದವರಿಗೆ ತಿಳೀತೈತಿ. ಹೋಗವಾ. ಮತ್ತ ಬರಬ್ಯಾಡ."

ಶೇಖವ್ವ ಕರುವಿನ ಹಣೆ ಸವರಿದಳು, ಅಳದೆ ಹಿಂದಿರುಗಿದಳು.

ದಸರೆಯ ಹೊತ್ತಿಗೆ ಸಾವಕಾರನ ಗೋಡೆ ಎದ್ದಿತು. ಜಾಲಿಮುಳ್ಳಿನ ಬೇಲಿಯನ್ನು ಕಿತ್ತು ಒಲೆಗೆ ಹಾಕಿ, ಕಲ್ಲು ಗಾರೆಯ ಗೋಡೆಯನ್ನು ಎರಡೂ ಬದಿಗೆ ನೀರಿನೊಳಗಿನ ತನಕ ಇಳಿಸಿದ್ದರು. ಕಬ್ಬಿಣದ ಗೇಟು, ಗೇಟಿಗೆ ಖಾಕಿ ಅಂಗಿಯ ಕಾವಲುಗಾರ. ಒಂದು ಸೋಮವಾರ ಹೊಳಬಸಪ್ಪ ಎತ್ತು ಹೊಡೆದುಕೊಂಡು ಹೋದವನು ತೊಳೆಯದೆ ತಿರುಗಿ ಬಂದ.

"ಬಿಡಂಗಿಲ್ಲ ಅಂತಾನ."

"ಮಾರಿದಾವ ನಾನು, ನಮ್ಮ ಮನಿಯವರನ್ನ ಬಿಡಂಗಿಲ್ಲಂತೇನು?" ಎಂದು ಕುಬೇರಪ್ಪ ಕೂಗಾಡಿದ. "ಗುರುತು ಸಿಕ್ಕಿಲ್ಲ ಅವಗ. ಹೆಣ್ಣಮಕ್ಕಳು ಹೋಗ್ರಿ, ಹೆಸರು ಹೇಳ್ರಿ. ಬಿಡ್ತಾನ."

ಅತ್ತೆ ಸೊಸೆ ಗಂಟು ಹೊತ್ತು ಹೋದರು. ಗೇಟಿನ ಸಂದಿನಲ್ಲಿ ಒಗೆಯುವ ಕಲ್ಲುಗಳು ಕಾಣುತ್ತಿದ್ದವು. ಅವುಗಳ ಮೇಲೆ ಮಣ್ಣಿನ ಕುಂಡಗಳನ್ನಿಟ್ಟು ಹೂವಿನ ಗಿಡ ಹಚ್ಚಿದ್ದರು.

"ಯಾರ ಮನಿಯವರು?" ಕಾವಲುಗಾರ ಕೇಳಿದ.

ಸಾವಂತ್ರವ್ವ ಗಂಡನ ಹೆಸರು ಹೇಳಲಾರದೆ ರೂಢಿಯಂತೆ ಸೊಸೆಯ ಕಡೆ ನೋಡಿದಳು. ಸೊಸೆಯೂ ಹೇಳಲಾರಳೆಂಬುದು ನೆನಪಾಗಿ, ಹೆಸರು ಹೇಳುವವರು ಯಾರಾದರೂ ಇದ್ದಾರೆಯೇ ಎಂದು ದಾರಿಯ ಕಡೆ ನೋಡಿದಳು.

ಶೇಖವ್ವ ತಲೆಯ ಮೇಲಿನ ಸೆರಗು ಹಿಂದೆ ತಳ್ಳಿದಳು.

"ಕುಬೇರಪ್ಪ," ಅಂದಳು. ಒಡಪಿಲ್ಲ, ರೀ ಇಲ್ಲ. "ಕುಬೇರಪ್ಪನ ಸೊಸಿ ನಾ. ಹೊಳಬಸಪ್ಪನ ಹೆಂಡತಿ. ಬರಕೋ."

ಸಾವಂತ್ರವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತಲೆಯ ಮೇಲಿನ ಗಂಟು ಜಾರಿ ಅರಿವೆ ಧೂಳಿಗೆ ಬಿತ್ತು.

"ಯಾರ ಇದ್ರೂ ಅಷ್ಟ," ಕಾವಲುಗಾರ ಗೇಟಿನ ಚಿಲಕ ಹಾಕಿದ. "ಇಲ್ಲಿ ಬರಕೊಳ್ಳೂದೇನಿಲ್ಲವ್ವ. ಸಾವಕಾರ್ರ ಜಾಗ ಇದು. ನಡೀರಿ."